ಪಟ್ಟು ಬಿಟ್ಟು ಪಟ್ಟು ಹಿಡಿಯುವುದು: ಪಂದ್ಯ ನೋಡಿ ಛಲ ಕಲಿಯುವ ಬಗೆ

2024ರ ಜುಲೈ 19, ಆಷಾಢದ ಎರಡನೆಯ ಶುಕ್ರವಾರ. ಚಾಮುಂಡಿ ಬೆಟ್ಟದ ಮೆಟ್ಟಿಲು ಇಳಿಯುವಾಗ ತುಂತುರು ಮಳೆಗೆ ಕಾಲು ಜಾರಿತು. ಬೀಳುವಾಗ ಬಲಗೈ ಊರಿದೆ. ಮಣಿಕಟ್ಟಿನ ಮೂಳೆ ಮುರಿದು ಆರು ವಾರಕ್ಕೆ ಪ್ಲಾಸ್ಟರ್ ಹಾಕಿದರು. ನಾನು ಬಟ್ಟೆ ಹೊಲಿದು ಬದುಕುವವಳು. ಕೆ.ಜಿ. ಕೊಪ್ಪಲಿನ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ವರಮಹಾಲಕ್ಷ್ಮಿ ಹಬ್ಬಕ್ಕೆಂದು ಒಪ್ಪಿಕೊಂಡಿದ್ದ ಮೂವತ್ತೊಂದು ರವಿಕೆಗಳ ಬಟ್ಟೆಯನ್ನು ಒಂದೊಂದಾಗಿ ಹಿಂದಿರುಗಿಸಿ, ಪಡೆದಿದ್ದ ಮುಂಗಡವನ್ನೂ ಕೊಟ್ಟು, ಟಿ.ವಿ. ಮುಂದೆ ಕುಳಿತೆ. ಒಂದು ವಾರದಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಆರಂಭವಾಯಿತು.

ಆ ಆರು ವಾರ ಮತ್ತು ಅದರ ಮುಂದಿನ ದಿನಗಳಲ್ಲಿ ಪಂದ್ಯ ನೋಡುವ ಒಂದು ಕ್ರಮ ನನಗೆ ಒದಗಿ ಬಂತು. ನನ್ನ ಕೈ ಮತ್ತೆ ಕತ್ತರಿ ಹಿಡಿದುದರಲ್ಲಿ ಆ ಕ್ರಮದ ಪಾಲು ದೊಡ್ಡದು. ಪರೀಕ್ಷೆಗೆ ಮೂರನೆಯ ಸಲ ಕಟ್ಟಿದವರು, ನಷ್ಟಕ್ಕೆ ಬಿದ್ದ ಅಂಗಡಿಯನ್ನು ಎತ್ತಿ ನಿಲ್ಲಿಸಲು ಹೊರಟವರು, ನನ್ನ ಹಾಗೆ ಮೈಯ ಒಂದು ಭಾಗಕ್ಕೆ ಮೊದಲಿನಿಂದ ಪಾಠ ಹೇಳಿಕೊಡಬೇಕಾದವರು ಯಾರು ಬೇಕಾದರೂ ಇದನ್ನು ಮಾಡಿ ನೋಡಬಹುದು. ಬೇಕಾದದ್ದು ಟಿ.ವಿ. ಅಥವಾ ಮೊಬೈಲ್, ಒಂದು ನೋಟ್‌ಬುಕ್ಕು, ಪೆನ್ಸಿಲ್ಲು.

ಮೊದಲ ಮಾತು: ನಡುವೆ ಟಿ.ವಿ. ಆರಿಸಬೇಡಿ. 1996ರ ಅಕ್ಟೋಬರ್ 21ರಂದು ಬೆಂಗಳೂರಿನಲ್ಲಿ ಆಸ್ಟ್ರೇಲಿಯಾ ವಿರುದ್ಧ ಟೈಟನ್ ಕಪ್ ಪಂದ್ಯ. ಭಾರತಕ್ಕೆ 216 ರನ್ ಬೇಕಿತ್ತು. 88 ರನ್ ಗಳಿಸಿದ್ದ ಸಚಿನ್ ಔಟಾದಾಗ ಮೊತ್ತ ಎಂಟು ವಿಕೆಟ್‌ಗೆ 164. ನನ್ನ ಅಪ್ಪ ಎದ್ದು ಟಿ.ವಿ. ಆರಿಸಿದರು. ಆಗ ನನಗೆ ಹದಿನಾರು ವರ್ಷ. ಸ್ವಲ್ಪ ಹೊತ್ತಿನ ಮೇಲೆ ಪಕ್ಕದ ಬೀದಿಯಿಂದ ಕೂಗು ಕೇಳಿಸಿತು. ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ ಮತ್ತು ಅನಿಲ್ ಕುಂಬ್ಳೆ ಮುರಿಯದ ಒಂಬತ್ತನೆಯ ವಿಕೆಟ್‌ಗೆ 52 ರನ್ ಕೂಡಿಸಿ ಪಂದ್ಯ ಗೆದ್ದಿದ್ದರು. ನಾನು ಆ 52 ರನ್‌ಗಳಲ್ಲಿ ಒಂದನ್ನೂ ನೋಡಲಿಲ್ಲ. ಗೆಲುವು ತಪ್ಪಿಹೋಯಿತೆಂದು ಇಂದು ನನಗೆ ಬೇಸರವಿಲ್ಲ. ಎಲ್ಲರೂ ಕೈಬಿಟ್ಟ ಮೇಲೆ ಆ ಇಬ್ಬರು ಒಂದೊಂದು ಚೆಂಡನ್ನು ಹೇಗೆ ಎದುರಿಸಿದರು ಎಂಬುದೇ ನನಗೆ ನೋಡಲು ಸಿಗಬೇಕಾಗಿತ್ತು.

ಅದಕ್ಕಾಗಿಯೇ ಮೊಬೈಲಿನಲ್ಲಿ ಬರುವ ಐದು ನಿಮಿಷದ ಮುಖ್ಯಾಂಶಗಳಿಂದ ಛಲ ಕಲಿಯಲು ಸಾಧ್ಯವಿಲ್ಲ ಎನ್ನುತ್ತೇನೆ. ಅಲ್ಲಿ ಕತ್ತರಿ ಬೀಳುವುದೇ ಕಲಿಯಬೇಕಾದ ಭಾಗಕ್ಕೆ. ಸಿಕ್ಸರ್ ಉಳಿಯುತ್ತದೆ, ಅದಕ್ಕೆ ಮುಂಚೆ ಬ್ಯಾಟಿಗೆ ತಾಗದೆ ಹೋದ ಎಂಟು ಚೆಂಡು ಮಾಯವಾಗುತ್ತದೆ.

ಎರಡನೆಯದಾಗಿ, ಆಟವನ್ನು ಆಯ್ದುಕೊಳ್ಳಿ. ನೂರು ಮೀಟರ್ ಓಟ ಕಣ್ಣಿಗೆ ಹಬ್ಬ, ಆದರೆ ಹತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ, ಅದರಲ್ಲಿ ಎರಡನೆಯ ಸಲ ಎಂಬುದಿಲ್ಲ. ಒಬ್ಬರೇ ಮತ್ತೆ ಮತ್ತೆ ಪ್ರಯತ್ನಿಸುವ ಆಟಗಳು ನಮಗೆ ಬೇಕು: ಜಾವೆಲಿನ್, ಎತ್ತರ ಜಿಗಿತ, ಬಿಲ್ಲುಗಾರಿಕೆ, ಕುಸ್ತಿ, ಟೆಸ್ಟ್ ಕ್ರಿಕೆಟ್. ಆಟ ಆರಂಭವಾಗುವ ಮುಂಚೆ ಒಬ್ಬರನ್ನು ಗೊತ್ತುಮಾಡಿಕೊಂಡು ಕೊನೆಯವರೆಗೂ ಅವರನ್ನೇ ನೋಡಿ. ಅವರು ಸೋಲುತ್ತಿದ್ದರೂ ಕಣ್ಣು ಬೇರೆ ಕಡೆ ಹೋಗಬಾರದು.

ಮೂರನೆಯ ಪಾಠ ನನ್ನ ಮಾವನವರದು. ಹರೆಯದಲ್ಲಿ ಅವರು ಗರಡಿಯಲ್ಲಿ ಸಾಮು ಮಾಡಿದವರು, ಈಗ ಎಪ್ಪತ್ತಾರು ವರ್ಷ. ಟಿ.ವಿ.ಯಲ್ಲಿ ಕುಸ್ತಿ ಬಂದರೆ ಅವರು ಮಾಡುವ ಮೊದಲ ಕೆಲಸ ಧ್ವನಿ ನಿಲ್ಲಿಸುವುದು. “ಅವರು ಕಿರುಚುತ್ತಿದ್ದರೆ ನಿನಗೆ ಕಾಲು ಕಾಣುವುದಿಲ್ಲ ಕಣಮ್ಮ” ಎನ್ನುತ್ತಾರೆ. ನಿಜ. ವೀಕ್ಷಕ ವಿವರಣೆ ನಮ್ಮನ್ನು ಅಂಕದ ಕಡೆಗೆ ಎಳೆಯುತ್ತದೆ. ಧ್ವನಿ ಇಲ್ಲದಿದ್ದರೆ ಮೈ ಕಾಣುತ್ತದೆ: ಉಸಿರು ಎಲ್ಲಿ ನಿಂತಿದೆ, ಬೆರಳು ಏನು ಮಾಡುತ್ತಿದೆ, ಸೋತ ಕ್ಷಣದಲ್ಲಿ ಕಣ್ಣು ನೆಲ ನೋಡಿತೋ ಎದುರಾಳಿಯನ್ನು ನೋಡಿತೋ.

ಆಗಸ್ಟ್ 8ರ ರಾತ್ರಿ, ಹನ್ನೆರಡು ಗಂಟೆಯ ಹೊತ್ತಿಗೆ, ಜಾವೆಲಿನ್ ಫೈನಲ್. ಮಾವನವರು ಮತ್ತು ನಾನು ಇಬ್ಬರೇ ಎಚ್ಚರವಾಗಿದ್ದೆವು. ಆಗಿನ ನಿಯಮ ಸರಳ. ಹನ್ನೆರಡು ಮಂದಿಗೆ ಮೂರು ಮೂರು ಎಸೆತ, ಮೊದಲ ಎಂಟು ಸ್ಥಾನದಲ್ಲಿರುವವರಿಗೆ ಇನ್ನೂ ಮೂರು. ಲೆಕ್ಕಕ್ಕೆ ಬರುವುದು ಅತ್ಯುತ್ತಮವಾದ ಒಂದೇ ಎಸೆತ. ನೀರಜ್ ಚೋಪ್ರಾ ಅವರ ಮೊದಲ ಎಸೆತ ಫೌಲ್, ಅಂದರೆ ಲೆಕ್ಕಕ್ಕಿಲ್ಲ. ಪಾಕಿಸ್ತಾನದ ಅರ್ಷದ್ ನದೀಮ್ ಅವರ ಮೊದಲ ಎಸೆತವೂ ಫೌಲ್. ಎರಡನೆಯದರಲ್ಲಿ ನದೀಮ್ 92.97 ಮೀಟರ್ ಎಸೆದು ಒಲಿಂಪಿಕ್ ದಾಖಲೆ ಬರೆದರು. ಅದನ್ನು ಕಂಡ ಮೇಲೂ ನೀರಜ್ ತಮ್ಮ ಎರಡನೆಯ ಎಸೆತದಲ್ಲಿ 89.45 ಮೀಟರ್ ಮುಟ್ಟಿದರು. ಆಮೇಲೆ ಮೂರು, ನಾಲ್ಕು, ಐದು, ಆರು, ಎಲ್ಲವೂ ಫೌಲ್. ಆರರಲ್ಲಿ ಐದು ಫೌಲ್, ಒಂದು ಎಸೆತಕ್ಕೆ ಬೆಳ್ಳಿ.

ಮರುದಿನ ಅಂಗಡಿಯ ಮುಂದೆ ಹಾದುಹೋದವರೆಲ್ಲ ಚಿನ್ನ ತಪ್ಪಿತೆಂದು ಮರುಗುತ್ತಿದ್ದರು. ನನ್ನ ತಲೆಯಲ್ಲಿದ್ದುದು ಬೇರೆ. ಒಂದು ಎಸೆತಕ್ಕೂ ಇನ್ನೊಂದಕ್ಕೂ ನಡುವೆ ಹಲವು ನಿಮಿಷ ಕಾಯಬೇಕು. ಅಷ್ಟು ಹೊತ್ತು ಫೌಲ್ ಎಂದು ಎತ್ತಿದ ಕೆಂಪು ಬಾವುಟ ಮನಸ್ಸಿನಲ್ಲಿ ಹಾರಾಡುತ್ತಲೇ ಇರುತ್ತದೆ. ಆದರೂ ಸರದಿ ಬಂದಾಗ ಮತ್ತೆ ಅದೇ ಓಟದ ದಾರಿಯ ತುದಿಗೆ ಬಂದು, ಈಟಿ ಎತ್ತಿ, ಮೊದಲ ಹೆಜ್ಜೆ ಇಡಬೇಕು. ಅದೇ ನೀರಜ್ 2019ರ ಮೇ ತಿಂಗಳಲ್ಲಿ ಬಲ ಮೊಣಕೈಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, 2020ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ 87.86 ಮೀಟರ್ ಎಸೆದು ಟೋಕಿಯೊಗೆ ಅರ್ಹತೆ ಪಡೆದವರು. ಎಸೆಯುವ ಕೈಯೇ ಅದು. ಪ್ಲಾಸ್ಟರಿನೊಳಗಿದ್ದ ನನ್ನ ಕೈಯನ್ನು ಆ ರಾತ್ರಿ ಬಹಳ ಹೊತ್ತು ನೋಡಿದೆ.

ಫೌಲ್ ಆದ ಎಸೆತ ಗಳಿಸಿದ್ದನ್ನು ಕಳೆಯುವುದಿಲ್ಲ ಎಂಬುದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಿ. ನಾನು ಅಳತೆ ಬರೆಯುವ ಪುಸ್ತಕದಲ್ಲಿಯೇ, ಎದೆಸುತ್ತಳತೆ, ತೋಳುದ್ದಗಳ ಪಕ್ಕದಲ್ಲಿ, ಎಡಗೈಯಲ್ಲಿ ಸೊಟ್ಟಸೊಟ್ಟಗೆ ಬರೆದೆ. ಪ್ರತಿ ಪಂದ್ಯಕ್ಕೂ ಮೂರೇ ಸಾಲು ಸಾಕು. ಏನು ಕೈಕೊಟ್ಟಿತು? ಅದಾದ ಒಂದು ನಿಮಿಷದಲ್ಲಿ ಅವರು ಏನು ಮಾಡಿದರು? ಮುಂದಿನ ಸಲ ಯಾವುದನ್ನು ಬದಲಾಯಿಸಿದರು? ಗೆದ್ದರೋ ಸೋತರೋ ಎಂಬುದಕ್ಕೆ ಸಾಲು ಬೇಡ.

ಮೂರನೆಯ ಸಾಲೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಅದನ್ನು ತಿಳಿಸಿಕೊಟ್ಟವರೂ ಮಾವನವರೇ. ನಾವು ಮಾತಿನಲ್ಲಿ “ಹಿಡಿದ ಪಟ್ಟು ಬಿಡದವನು” ಎಂದು ಹೊಗಳುತ್ತೇವಲ್ಲ, ಗರಡಿಯಲ್ಲಿ ಹಾಗಿದ್ದವನು ಚಿತ್ ಆಗುತ್ತಾನೆ. ಕುಸ್ತಿಯ ಪಟ್ಟು ಎದುರಾಳಿಗೆ ಗೊತ್ತಾದ ಗಳಿಗೆಯಲ್ಲೇ ಅದನ್ನು ಬಿಟ್ಟು ಇನ್ನೊಂದಕ್ಕೆ ಕೈ ಹಾಕಬೇಕು. ಬಿಡಬಾರದ್ದು ಮಟ್ಟಿಯನ್ನು, ಅಂದರೆ ಕುಸ್ತಿಯ ಕಣವನ್ನು. ಇದಕ್ಕೆ ಅವರು ಸದಾ ಕೊಡುವ ಉದಾಹರಣೆ 2016ರ ರಿಯೊ ಒಲಿಂಪಿಕ್ಸ್‌ನ ಸಾಕ್ಷಿ ಮಲಿಕ್. ಸಾಕ್ಷಿ ಕ್ವಾರ್ಟರ್ ಫೈನಲ್‌ನಲ್ಲಿ ಸೋತಿದ್ದರು. ಕುಸ್ತಿಯಲ್ಲಿ ರೆಪೆಚಾಜ್ ಎಂಬ ಏರ್ಪಾಡು ಇದೆ: ನಿಮ್ಮನ್ನು ಸೋಲಿಸಿದವರು ಫೈನಲ್ ತಲುಪಿದರೆ ನಿಮಗೆ ಕಂಚಿನ ಪದಕಕ್ಕೆ ಮತ್ತೊಂದು ದಾರಿ ತೆರೆಯುತ್ತದೆ. ಅಂದರೆ ಆಕೆ ಗಂಟೆಗಟ್ಟಲೆ ಬೇರೆಯವರ ಫಲಿತಾಂಶಕ್ಕೆ ಕಾದು, ದಾರಿ ತೆರೆಯುವ ಹೊತ್ತಿಗೆ ಮೈ ಬಿಸಿಯಾಗಿಟ್ಟುಕೊಂಡು ನಿಂತಿರಬೇಕಾಯಿತು. ಕಂಚಿನ ಸ್ಪರ್ಧೆಯಲ್ಲಿ ಕಿರ್ಗಿಸ್ತಾನದ ಐಸುಲು ತಿನಿಬೆಕೋವಾ ಎದುರು ಮೊದಲ ಮೂರು ನಿಮಿಷ ಮುಗಿದಾಗ 0–5. ಎರಡನೆಯ ಸುತ್ತಿನಲ್ಲಿ ಆಟವನ್ನೇ ಬದಲಾಯಿಸಿ 8–5ರಿಂದ ಗೆದ್ದರು. ಒಲಿಂಪಿಕ್ ಪದಕ ಗೆದ್ದ ಭಾರತದ ಮೊದಲ ಮಹಿಳಾ ಕುಸ್ತಿಪಟು ಅವರು. ಆ ಎರಡು ಸುತ್ತುಗಳ ನಡುವಿನ ಅರೆ ನಿಮಿಷವನ್ನು ಮಾವನವರು ನನಗೆ ಮೊಬೈಲಿನಲ್ಲಿ ಮೂರು ಸಲ ತೋರಿಸಿದ್ದಾರೆ.

ಈಗ ನೋಡಿದ್ದನ್ನು ನಮ್ಮ ಕೆಲಸಕ್ಕೆ ತರುವುದು. ಆಗಸ್ಟ್ 30ರಂದು ಪ್ಲಾಸ್ಟರ್ ತೆಗೆದರು. ಕೈ ನನ್ನದಲ್ಲವೆನ್ನುವಂತಿತ್ತು. ಮುಷ್ಟಿ ಕಟ್ಟಲು ಹೋದರೆ ನಡುಬೆರಳ ತುದಿಗೂ ಅಂಗೈಗೂ ಮಧ್ಯೆ ಎರಡು ಇಂಚು ಜಾಗ. ಟೇಪು ಹಿಡಿದು ಅಳೆದೆ, ಅದೇ ನನಗೆ ಗೊತ್ತಿರುವ ವಿದ್ಯೆ. “ಮೊದಲಿನಂತೆ ಹೊಲಿಯಬೇಕು” ಎಂದು ಗುರಿಯಿಟ್ಟುಕೊಂಡಿದ್ದರೆ ಮೊದಲ ದಿನವೇ ಕುಸಿಯುತ್ತಿದ್ದೆ. ಆದ್ದರಿಂದ ನಿಮ್ಮ “ಎಸೆತ” ಯಾವುದೆಂದು ನಿರ್ಧರಿಸಿ, ಅದು ಎರಡು ಮೂರು ನಿಮಿಷದಲ್ಲಿ ಮುಗಿಯುವಂತಿರಲಿ. ನನ್ನ ಎಸೆತವೆಂದರೆ ಬೆಚ್ಚನೆಯ ನೀರಿನಲ್ಲಿ ಸ್ಪಂಜನ್ನು ಹತ್ತು ಸಲ ಹಿಂಡುವುದು. ದಿನಕ್ಕೆ ಆರು ಎಸೆತ. ಸರಿಯಾಗಿ ಆಗದಿದ್ದರೆ ಪುಸ್ತಕದಲ್ಲಿ “ಫೌ” ಎಂದು ಬರೆದು ಮುಂದಿನ ಸರದಿಗೆ ಕಾಯುವುದು. ಮೊದಲ ವಾರದ ನಲವತ್ತೆರಡರಲ್ಲಿ ಇಪ್ಪತ್ತೊಂಬತ್ತು “ಫೌ” ಇವೆ. ವಾರದ ಕೊನೆಗೆ ಟೇಪು ತೋರಿಸಿದ್ದು ಒಂದೂವರೆ ಇಂಚು.

ನಡುವಿನ ಹೊತ್ತಿಗೂ ಒಂದು ಕ್ರಮ ಕಟ್ಟಿಕೊಳ್ಳಿ. ತಪ್ಪಿದ ಕೂಡಲೇ ಮತ್ತೆ ಮುಗಿಬೀಳುವುದು ನನ್ನ ಹಳೆಯ ಚಾಳಿ. ಸಿಟ್ಟಿನಲ್ಲಿ ಮಾಡಿದ ಎರಡನೆಯ ಯತ್ನ ಮೊದಲನೆಯದಕ್ಕಿಂತ ಕೆಡುತ್ತದೆ. ಈಗ ತಪ್ಪಿದರೆ ಕತ್ತರಿಯನ್ನು ಮೇಜಿನ ಮೇಲೆ ಇಡುತ್ತೇನೆ, ಕೈ ಒರೆಸಿಕೊಳ್ಳುತ್ತೇನೆ, ಬಟ್ಟೆಯ ಮೇಲಿನ ಸೀಮೆಸುಣ್ಣದ ಗೆರೆಯನ್ನು ಒಮ್ಮೆ ಬೆರಳಿನಿಂದ ಸವರುತ್ತೇನೆ, ಆಮೇಲೆ ಎತ್ತಿಕೊಳ್ಳುತ್ತೇನೆ.

ಪಟ್ಟು ಬದಲಾಯಿಸುವುದೂ ಇಲ್ಲಿಯೇ. ನನ್ನ ದೊಡ್ಡ ಕಬ್ಬಿಣದ ಕತ್ತರಿಯನ್ನು ಮಣಿಕಟ್ಟು ತಾಳಲಿಲ್ಲ. ಹತ್ತು ದಿನ ಅದರೊಂದಿಗೇ ಗುದ್ದಾಡಿದೆ, ಆ ಹತ್ತು ದಿನ ವ್ಯರ್ಥ. ಆಮೇಲೆ ದಾರ ಕತ್ತರಿಸುವ ಪುಟ್ಟ ಕತ್ತರಿ ಹಿಡಿದು ಹಳೆಯ ದಿನಪತ್ರಿಕೆ ಕತ್ತರಿಸಿದೆ, ಅಲ್ಲಿಂದ ಹಳೆಯ ವಾಯಿಲ್ ಸೀರೆಗೆ ಬಂದೆ. ಕುಳಿತು ಕತ್ತರಿಸುವಾಗ ಮಣಿಕಟ್ಟು ಮಡಚುತ್ತಿತ್ತು, ಎದ್ದು ನಿಂತರೆ ನೇರವಾಗಿರುತ್ತಿತ್ತು. ಇಪ್ಪತ್ತು ವರ್ಷ ಕುಳಿತೇ ಕತ್ತರಿಸಿದವಳು ಈಗ ನಿಂತು ಕತ್ತರಿಸುತ್ತೇನೆ.

ಪ್ಲಾಸ್ಟರ್ ತೆಗೆದ ಮರುದಿನ, ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಶೀತಲ್ ದೇವಿಯವರ ಬಿಲ್ಲುಗಾರಿಕೆ ಇತ್ತು. ಜಮ್ಮು ಮತ್ತು ಕಾಶ್ಮೀರದ ಕಿಶ್ತವಾಡದ, ಆಗ ಹದಿನೇಳು ವರ್ಷದ ಹುಡುಗಿ. ಹುಟ್ಟಿನಿಂದ ತೋಳುಗಳಿಲ್ಲ. ಕಾಲಿನಿಂದ ಬಿಲ್ಲು ಎತ್ತಿ, ಭುಜದಿಂದ ಹೆದೆ ಎಳೆದು ಬಾಣ ಬಿಡುತ್ತಾರೆ. ನೋಡಿದ ನೆರೆಯವರು “ಅವಳ ಮುಂದೆ ನಿನ್ನದೇನು ಮಹಾ ಕಷ್ಟ” ಎಂದರು. ಒಬ್ಬರ ಮೈಯನ್ನು ನಮ್ಮ ಕಷ್ಟದ ಅಳತೆಗೋಲು ಮಾಡಿಕೊಳ್ಳುವುದು ತಪ್ಪು, ಅದರಿಂದ ನಾಚಿಕೆ ಹುಟ್ಟುತ್ತದೆಯೇ ಹೊರತು ಛಲ ಹುಟ್ಟುವುದಿಲ್ಲ. ಆಕೆಯನ್ನು ಬಿಲ್ಲುಗಾರ್ತಿಯಾಗಿ ನೋಡಿ. ಆ ದಿನ ಚಿಲಿಯ ಮರಿಯಾನಾ ಝುನಿಗಾ ಎದುರು 137–138, ಒಂದೇ ಅಂಕದಿಂದ ಸೋತು ವೈಯಕ್ತಿಕ ವಿಭಾಗದಿಂದ ಹೊರಬಿದ್ದರು. ಎರಡು ದಿನದ ಮೇಲೆ ರಾಕೇಶ್ ಕುಮಾರ್ ಜೊತೆ ಮಿಶ್ರ ತಂಡದ ಕಂಚಿನ ಪಂದ್ಯದಲ್ಲಿ ಇಟಲಿಯನ್ನು 156–155, ಒಂದೇ ಅಂಕದಿಂದ ಸೋಲಿಸಿದರು. ಸೋತ ದಿನವೂ ಗೆದ್ದ ದಿನವೂ ಬಿಲ್ಲು ಎತ್ತುವ ರೀತಿ ಒಂದೇ. ನನ್ನ ಪುಸ್ತಕದಲ್ಲಿ ಎರಡೂ ದಿನದ ಸಾಲುಗಳು ಎದುರುಬದುರು ಪುಟದಲ್ಲಿವೆ.

ಕೆಲವೊಮ್ಮೆ ಎಲ್ಲವನ್ನೂ ಸರಿಯಾಗಿ ಮಾಡಿದವರಿಗೂ ಸಿಗುವುದಿಲ್ಲ. ಅದನ್ನೂ ನೋಡಬೇಕು. ಪ್ಯಾರಿಸ್ ಒಲಿಂಪಿಕ್ಸ್‌ನ ಕುಸ್ತಿಯಲ್ಲಿ ವಿನೇಶ್ ಫೋಗಟ್ ಅದುವರೆಗೆ ಸೋಲೇ ಕಾಣದಂತಿದ್ದ ಜಪಾನಿನ ಯುಯಿ ಸುಸಾಕಿಯವರನ್ನು ಮೊದಲ ಸುತ್ತಿನಲ್ಲೇ ಮಣಿಸಿ ಫೈನಲ್ ತಲುಪಿದರು. ಆಗಸ್ಟ್ 7ರ ಬೆಳಿಗ್ಗೆ ತೂಕ ನೂರು ಗ್ರಾಂ ಹೆಚ್ಚೆಂದು ಅನರ್ಹರಾದರು. ಆ ದಿನ ಮಾವನವರು ಊಟ ಮಾಡಲಿಲ್ಲ. ನಾನು ಪುಸ್ತಕದಲ್ಲಿ ಹೆಸರು, ತಾರೀಖು ಬರೆದು ಮೂರೂ ಸಾಲು ಖಾಲಿ ಬಿಟ್ಟೆ. ಈಗಲೂ ಖಾಲಿ ಇವೆ.

ನೋವಿನ ವಿಷಯದಲ್ಲಿ ಎಚ್ಚರ. 2002ರಲ್ಲಿ ಆಂಟಿಗಾದಲ್ಲಿ ದವಡೆ ಮುರಿದಿದ್ದರೂ ಕುಂಬ್ಳೆ ಮುಖಕ್ಕೆ ಪಟ್ಟಿ ಸುತ್ತಿಕೊಂಡು 14 ಓವರ್ ಎಸೆದು ಬ್ರಯಾನ್ ಲಾರಾ ಅವರನ್ನು ಔಟ್ ಮಾಡಿದರು. ಎಲ್ಲರೂ ಆ ಚಿತ್ರವನ್ನು ನೆನೆಯುತ್ತಾರೆ. ಆಮೇಲೆ ಅವರು ಶಸ್ತ್ರಚಿಕಿತ್ಸೆಗೆ ಬೆಂಗಳೂರಿಗೆ ಬಂದರು ಎಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ನಾನು ಒಂದು ಭಾನುವಾರ ಆರರ ಬದಲು ಹದಿನೈದು ಎಸೆತ ಮಾಡಿದೆ. ಮರುದಿನ ಮಣಿಕಟ್ಟು ಊದಿ ನಾಲ್ಕು ದಿನ ಏನೂ ಮಾಡಲಾಗಲಿಲ್ಲ. ವ್ಯಾಯಾಮ ಹೇಳಿಕೊಟ್ಟವರು ಹಾಕಿದ ಮಿತಿಯೂ ಎಸೆತದ ಗೆರೆಯೇ, ದಾಟಿದರೆ ಫೌಲ್.

ಪರದೆಯ ಮೇಲೆ ನೋಡಿ ಅಭ್ಯಾಸವಾದ ಮೇಲೆ ಮೈದಾನಕ್ಕೂ ಹೋಗಿ. ದಸರೆಯ ಹೊತ್ತಿನಲ್ಲಿ ಮೈಸೂರಿನವರಿಗೆ ಚಾಮುಂಡಿ ವಿಹಾರ ಕ್ರೀಡಾಂಗಣವೂ ಇದೆ, ದೊಡ್ಡಕೆರೆ ಮೈದಾನದ ಪಕ್ಕದ ದೇವರಾಜ ಅರಸು ಕ್ರೀಡಾಂಗಣದ ಕುಸ್ತಿಯೂ ಇದೆ. ಕ್ಯಾಮೆರಾ ಗೆದ್ದವರ ಹಿಂದೆ ಹೋಗುತ್ತದೆ, ಅಲ್ಲಿ ನಿಮ್ಮ ಕಣ್ಣು ಸೋತವರ ಹಿಂದೆ ಹೋಗಬಹುದು. ಆ ಅಕ್ಟೋಬರಿನಲ್ಲಿ ಮಾವನವರು ನನ್ನನ್ನು ಕರೆದುಕೊಂಡು ಹೋದರು. ಹದಿನೆಂಟು ಹತ್ತೊಂಬತ್ತರ ಹುಡುಗನೊಬ್ಬ ಚಿತ್ ಆದ. ಗೆದ್ದವನನ್ನು ಹೆಗಲ ಮೇಲೆ ಹೊತ್ತು ಜನ ಆ ಕಡೆ ಹೋದರು. ಇವನು ಬೆನ್ನಿಗಂಟಿದ ಕೆಮ್ಮಣ್ಣನ್ನೂ ಒರೆಸಿಕೊಳ್ಳದೆ ತನ್ನ ಉಸ್ತಾದರ ಬಳಿ ಹೋಗಿ, ಇಲ್ಲದ ಎದುರಾಳಿಯ ಕುತ್ತಿಗೆಯನ್ನು ಗಾಳಿಯಲ್ಲಿ ಹಿಡಿದು ತೋರಿಸಿದ. ಉಸ್ತಾದರು ಅವನ ಮೊಣಕೈಯನ್ನು ಎರಡು ಬೆರಳಿನಷ್ಟು ಕೆಳಕ್ಕೆ ಇಳಿಸಿದರು. ಅವನು ಮತ್ತೆ ಹಿಡಿದ. ಮತ್ತೆ ಇಳಿಸಿದರು.

ಮಾವನವರು ನನ್ನ ಕಡೆ ತಿರುಗಿದರು. ನಾನು ಆಗಲೇ ಪುಸ್ತಕ ತೆಗೆದು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೆ, ಬಲಗೈಯಲ್ಲಿ.