ಮಣಿಕಟ್ಟಿನ ಪ್ಲೇಟಿನ ಮೇಲೆ ಎಷ್ಟು ಭಾರ? ಕಂಪ್ಯೂಟರ್ ಮಾದರಿ ಮಾಡಿದ ನನ್ನ ಅನುಭವ

ಕರಾವಳಿಯಲ್ಲಿ ಮಳೆ ಹಿಡಿಯಿತೆಂದರೆ ಅಂಗಳಕ್ಕೆ ಪಾಚಿ ಕಟ್ಟುತ್ತದೆ. ಕಾಲು ಜಾರಿದವರು ಅಂಗೈ ಊರಿಯೇ ಬೀಳುತ್ತಾರೆ. ಆಗ ಹೆಚ್ಚಾಗಿ ಮುರಿಯುವುದು ಮುಂಗೈಯಲ್ಲಿ ಹೆಬ್ಬೆರಳ ಕಡೆಗಿರುವ ರೇಡಿಯಸ್ ಮೂಳೆಯ ತುದಿ, ಮಣಿಕಟ್ಟಿಗೆ ತಾಗಿದ ಭಾಗ. 1814ರಲ್ಲಿ ಐರ್ಲೆಂಡಿನ ಶಸ್ತ್ರವೈದ್ಯ ಅಬ್ರಹಾಂ ಕೋಲಿಸ್ ಇದನ್ನು ವಿವರಿಸಿದ್ದರಿಂದ ಇವತ್ತಿಗೂ ಡಾಕ್ಟರುಗಳು ಕೋಲಿಸ್ ಫ್ರ್ಯಾಕ್ಚರ್ ಎನ್ನುತ್ತಾರೆ. ವಯಸ್ಸಾದ ಹೆಂಗಸರಲ್ಲಿ, ಮೂಳೆ ಟೊಳ್ಳಾಗುತ್ತಾ ಬಂದವರಲ್ಲಿ ಇದು ಜಾಸ್ತಿ. ಮೂಳೆ ಚೂರಾಗಿದ್ದರೆ ಅಂಗೈ ಕಡೆಯಿಂದ ಟೈಟಾನಿಯಂ ಪ್ಲೇಟ್ ಕೂರಿಸಿ ಸ್ಕ್ರೂ ಹಾಕುತ್ತಾರೆ. ನಾನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಆ ಪ್ಲೇಟಿನದ್ದು.

ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಕೆಲಸ ಮಣಿಪಾಲದಲ್ಲಿ. ಈ ವಿಷಯಕ್ಕೆ ನನ್ನನ್ನು ಎಳೆದದ್ದು ಪರಿಚಯದ ಒಬ್ಬ ಮೂಳೆ ಡಾಕ್ಟರು. ಆಪರೇಷನ್ ಆದವರು ಅವರ ಹತ್ತಿರ ಕೇಳುವ ಮೊದಲ ಪ್ರಶ್ನೆ ಒಂದೇ ಅಂತೆ: "ಡಾಕ್ಟ್ರೇ, ಬಾವಿಯಿಂದ ನೀರು ಎಳೆಯಲು ಯಾವಾಗ ಆಗ್ತದೆ?" ಅವರು ಅದನ್ನೇ ನನ್ನ ಮುಂದಿಟ್ಟರು. "ನಿಮ್ಮ ಕೆಂಪು ನೀಲಿ ಚಿತ್ರ ಚಂದ ಉಂಟು. ಆದರೆ ಇದಕ್ಕೆ ಉತ್ತರ ಕೊಡ್ತದಾ ನೋಡಿ" ಎಂದರು. ಎಲ್ಲಿ ಎಷ್ಟು ಭಾರ ಬೀಳುತ್ತದೆ ಎಂದು ಕಂಪ್ಯೂಟರ್ ಬಣ್ಣದಲ್ಲಿ ತೋರಿಸುವ ಚಿತ್ರ ಅದು. ಪ್ರಶ್ನೆ ಇಷ್ಟು ಖಚಿತವಾಗಿ ಸಿಕ್ಕಿದ್ದು ದೊಡ್ಡ ಉಪಕಾರ. ಪ್ರಶ್ನೆ ಇಲ್ಲದೆ ಮಾಡಿದ ಮಾದರಿಯಿಂದ ಬರುವುದು ಬಣ್ಣದ ಚಿತ್ರ ಮಾತ್ರ.

ಮೂಳೆಯ ಆಕಾರ ಸಿಗುವುದು ಸಿಟಿ ಸ್ಕ್ಯಾನಿನಿಂದ. ಎಥಿಕ್ಸ್ ಸಮಿತಿಯ ಒಪ್ಪಿಗೆ ಪಡೆದು, ಹೆಸರು, ವಿವರ ಎಲ್ಲ ತೆಗೆದ ಸ್ಕ್ಯಾನ್ ಮಾತ್ರ ಬಳಸುತ್ತೇನೆ. ಆಪರೇಷನ್ ಆದ ಮೇಲಿನ ಸ್ಕ್ಯಾನ್ ನನಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಲೋಹದ ಸುತ್ತ ಬಿಳಿ ಗೆರೆಗಳು ಚೆಲ್ಲಿಕೊಂಡು ಮೂಳೆಯ ಅಂಚೇ ಕಾಣುವುದಿಲ್ಲ. ಹಾಗಾಗಿ ಮುರಿಯದ ಕೈಯ ಸ್ಕ್ಯಾನ್ ತೆಗೆದುಕೊಂಡು, 3ಡಿ ಸ್ಲೈಸರ್ ಎಂಬ ಸಾಫ್ಟ್‌ವೇರಿನಲ್ಲಿ ಮೂಳೆಯನ್ನು ಬೇರ್ಪಡಿಸಿ, ಕನ್ನಡಿಯಲ್ಲಿ ಕಂಡಂತೆ ತಿರುಗಿಸುತ್ತೇನೆ. ಪ್ಲೇಟ್ ಮತ್ತು ಸ್ಕ್ರೂಗಳನ್ನು ಕಂಪ್ಯೂಟರಿನಲ್ಲೇ ಕೂರಿಸುತ್ತೇನೆ. 3ಡಿ ಸ್ಲೈಸರ್ ಉಚಿತ. ವಿದ್ಯಾರ್ಥಿಗಳು ದುಡ್ಡಿನ ಚಿಂತೆ ಇಲ್ಲದೆ ಶುರು ಮಾಡಬಹುದು. ಲೆಕ್ಕಕ್ಕೆ ಬಳಸುವ ಫೆಬಯೋ, ಕ್ಯಾಲ್ಕುಲಿಕ್ಸ್ ಎಂಬ ಸಾಫ್ಟ್‌ವೇರುಗಳು ಕೂಡ ಉಚಿತವೇ.

ಮುರಿತವನ್ನು ತೋರಿಸಲು ಮೂಳೆಯ ಹಿಂಬದಿಯಿಂದ ಸುಮಾರು 1 ಸೆಂಟಿಮೀಟರ್ ಅಗಲದ ಬೆಣೆಯಾಕಾರದ ತುಂಡನ್ನು ತೆಗೆಯುತ್ತೇನೆ. ಪ್ರಯೋಗಶಾಲೆಗಳಲ್ಲೂ ಇದೇ ರೂಢಿ. ಚೂರಾದ ಮೂಳೆ ಏನೂ ಭಾರ ಹೊರುವುದಿಲ್ಲ, ಎಲ್ಲವೂ ಪ್ಲೇಟಿನ ಮೇಲೆಯೇ ಎಂಬ ಅತಿ ಕೆಟ್ಟ ಸ್ಥಿತಿ ಅದು.

ಆಮೇಲೆ ವಸ್ತುಗಳ ಗುಣ. ಪ್ಲೇಟಿನ ಟೈಟಾನಿಯಂ ಮಿಶ್ರಲೋಹದ ಯಂಗ್ಸ್ ಮಾಡ್ಯುಲಸ್ (ವಸ್ತು ಎಷ್ಟು ಬಿಗಿ ಎಂಬ ಅಳತೆ) ಸುಮಾರು 110 ಗಿಗಾಪಾಸ್ಕಲ್. ಮೂಳೆಯ ಗಟ್ಟಿ ಹೊರಪದರದ್ದು 15ರಿಂದ 20. ಒಳಗಿನ ಸ್ಪಂಜಿನಂಥ ಮೂಳೆಯದ್ದು 1 ಗಿಗಾಪಾಸ್ಕಲಿಗಿಂತ ಎಷ್ಟೋ ಕಡಿಮೆ ಇರಬಹುದು. ಸ್ಕ್ಯಾನಿನಲ್ಲಿ ಕಾಣುವ ಸಾಂದ್ರತೆಯಿಂದ ಇದನ್ನು ಅಂದಾಜು ಮಾಡಬೇಕು. ಎಲ್ಲ ಮೂಳೆಗೂ ಒಂದೇ ಸಂಖ್ಯೆ ಕೊಟ್ಟರೆ ಸ್ಕ್ರೂ ಸುತ್ತ ಬರುವ ಫಲಿತಾಂಶ ನಂಬಲು ಆಗುವುದಿಲ್ಲ. ಇಲ್ಲಿ ಅವಸರ ಬೇಡ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಈ ಕೆಲಸದಲ್ಲಿ ಅತಿ ಹೆಚ್ಚು ಯೋಚಿಸಬೇಕಾದ್ದು ಲೋಡ್ ಬಗ್ಗೆ, ಅಂದರೆ ಮಾದರಿಯ ಮೇಲೆ ಹೇರುವ ಭಾರದ ಬಗ್ಗೆ. ಎಷ್ಟೋ ಜನ ಮೆಶ್ ಮಾಡುವುದರಲ್ಲಿ, ಅಂದರೆ ಲೆಕ್ಕಕ್ಕಾಗಿ ಆಕಾರವನ್ನು ಸಣ್ಣ ಸಣ್ಣ ತುಂಡುಗಳ ಬಲೆಯಾಗಿ ಒಡೆಯುವುದರಲ್ಲಿ ವಾರಗಟ್ಟಲೆ ಕಳೆದು, ಕೊನೆಗೆ ಯಾವುದೋ ಪ್ರಬಂಧದಲ್ಲಿದ್ದ 100 ನ್ಯೂಟನ್ (ಸುಮಾರು 10 ಕಿಲೋ ತೂಕದಷ್ಟು ಬಲ) ಎತ್ತಿ ಹಾಕಿಬಿಡುತ್ತಾರೆ. ಸುಮ್ನೆ ಮಣಿಕಟ್ಟು ಆಡಿಸುವುದಕ್ಕೆ 100 ಸರಿಯಾದ ಅಂದಾಜೇ. ಆದರೆ ನಮ್ಮ ಪ್ರಶ್ನೆ ಕೊಡಪಾನದ್ದು ಅಲ್ವಾ?

ಮಣಿಕಟ್ಟಿನ ಮೇಲಿನ ಭಾರ ಬರುವುದು ಕೈಯಲ್ಲಿ ಹಿಡಿದ ವಸ್ತುವಿನಿಂದ ಮಾತ್ರ ಅಲ್ಲ. ಬೆರಳು ಮುಷ್ಟಿ ಕಟ್ಟಿದಾಗ ಮುಂಗೈಯ ಸ್ನಾಯುಗಳು ಎಳೆಯುತ್ತವೆ. ಆ ಎಳೆತ ಇಡೀ ಮಣಿಕಟ್ಟನ್ನು ಮೊಣಕೈ ಕಡೆಗೆ ಒತ್ತುತ್ತದೆ. ಹೆಣದ ಕೈಗಳ ಮೇಲೆ ಮಾಡಿದ ಪ್ರಯೋಗದ ಪ್ರಕಾರ 10 ನ್ಯೂಟನ್ ಹಿಡಿತಕ್ಕೆ ರೇಡಿಯಸ್ಸಿನ ತುದಿಯಲ್ಲಿ ಸುಮಾರು 26 ನ್ಯೂಟನ್ ಒತ್ತಡ ಹೋಗುತ್ತದೆ. ಅಂದರೆ 100 ನ್ಯೂಟನ್ ಹಿಡಿತಕ್ಕೆ 260.

ಹಾಗಾಗಿ ನಾನು ಕೈಗಳು ಏನು ಮಾಡುತ್ತವೆ ಎಂದು ನೋಡಲು ಹೋದೆ. ಬಟ್ಟೆ ಹಿಂಡುವುದು, ಹೆರೆಮಣೆಯ ಮೇಲೆ ಕಾಯಿ ತುರಿಯುವುದು, ನೀರು ಎಳೆಯುವುದು. ಹಿಡಿತ ಅಳೆಯುವ ಡೈನಮೋಮೀಟರ್ ಜೊತೆಗಿತ್ತು. ಕೆಲಸ ಮಾಡುವಾಗ ಎಷ್ಟು ಬಿಗಿ ಹಿಡಿಯುತ್ತೀರೋ ಅಷ್ಟೇ ಬಿಗಿ ಇದನ್ನು ಹಿಡಿಯಿರಿ ಎಂದು ಕೇಳಿ ಬರೆದುಕೊಂಡೆ. ಒರಟು ಅಳತೆ, ಆದರೆ ಊಹೆಗಿಂತ ವಾಸಿ. ಕಾಯಿ ತುರಿಯುವಾಗ ಅಂಗೈ ಒತ್ತುತ್ತದೆ, ಜೊತೆಗೆ ಮಣಿಕಟ್ಟು ತಿರುಗುತ್ತದೆ. ಹಗ್ಗ ಎಳೆಯುವಾಗ ಹಿಡಿತ ಮೂಳೆಯನ್ನು ಒತ್ತಿದರೆ ಕೊಡಪಾನದ ತೂಕ ಅದನ್ನು ಎಳೆಯುತ್ತದೆ. ಒಂದು ಇನ್ನೊಂದನ್ನು ಸ್ವಲ್ಪ ಕಳೆಯುತ್ತದೆ. ಈ ವ್ಯತ್ಯಾಸ ಅಂಗಳದಲ್ಲಿ ನಿಂತು ನೋಡದೆ ಹೊಳೆಯುವುದು ಕಷ್ಟ.

ಕಂಪ್ಯೂಟರ್ ಮುಟ್ಟುವ ಮೊದಲು ಕಾಗದದ ಮೇಲೆ ಲೆಕ್ಕ ಮಾಡುವುದು ನನ್ನ ಪದ್ಧತಿ. 10 ಲೀಟರ್ ನೀರು, ಅಂದರೆ 100 ನ್ಯೂಟನ್ ಹತ್ತಿರ. ಎರಡೂ ಕೈ ಸಮ ಹಂಚಿಕೊಂಡರೆ ಒಂದಕ್ಕೆ 50. ಹಗ್ಗ ಜಾರದಂತೆ ಹಿಡಿಯಲು ಒಂದು ಕೈಯ ಹಿಡಿತ 100 ನ್ಯೂಟನ್ ಎಂದಿಟ್ಟುಕೊಳ್ಳಿ. ರೇಡಿಯಸ್ ಮೇಲೆ 260. ಅದರಲ್ಲಿ 50 ಕಳೆದರೆ 210. ಕೀಲಿನ ನಡುವಿನಿಂದ ಪ್ಲೇಟಿಗೆ ಸುಮಾರು 10 ಮಿಲಿಮೀಟರ್ ದೂರ. ಭಾರ ಪ್ಲೇಟಿನ ನೇರಕ್ಕೆ ಇಲ್ಲದ ಕಾರಣ ಪ್ಲೇಟ್ ಬಾಗುತ್ತದೆ. ಪ್ಲೇಟ್ 10 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪ ಇದ್ದರೆ ಬಾಗುವ ಸ್ಟ್ರೆಸ್ (ಲೋಹದೊಳಗೆ ಚದರ ಮಿಲಿಮೀಟರಿಗೆ ಬೀಳುವ ಬಲ) 315 ಮೆಗಾಪಾಸ್ಕಲ್, ನೇರ ಒತ್ತಡದ್ದು ಇನ್ನೊಂದು 10. ಒಟ್ಟು 325.

ಈ ಲೋಹ 800 ಮೆಗಾಪಾಸ್ಕಲ್ ಹತ್ತಿರ ಶಾಶ್ವತವಾಗಿ ಬಾಗುತ್ತದೆ. 325 ನೋಡಿದರೆ ಧೈರ್ಯ ಬರುತ್ತದೆ. ಆದರೆ ಒಂದು ಕೊಡಪಾನಕ್ಕೆ ಮುಗಿಯುವ ಕೆಲಸ ಇದಲ್ಲ. ಮತ್ತೆ ಮತ್ತೆ ಬೀಳುವ ಭಾರಕ್ಕೆ ಈ ಲೋಹದ ಮಿತಿ, ನುಣುಪಾದ ಮೇಲ್ಮೈ ಇದ್ದಾಗಲೂ, ಸುಮಾರು 500. ಪ್ಲೇಟಿನಲ್ಲಿ ಸ್ಕ್ರೂ ತೂತುಗಳಿವೆ. ತೂತಿನ ಅಂಚಿನಲ್ಲಿ ಸ್ಟ್ರೆಸ್ ಎರಡು ಪಟ್ಟಿನ ಹತ್ತಿರ ಹೋದರೂ 650 ಆಯಿತು. ಮುರಿತದ ಪಕ್ಕದಲ್ಲೇ ಇರುವ ಖಾಲಿ ತೂತಿನ ಬಗ್ಗೆ ನನಗೆ ಭಯ ಇರುವುದು ಇದಕ್ಕೇ.

ಕಂಪ್ಯೂಟರ್ ಮಾದರಿ ಬೇಕಾಗುವುದು ಈ ಜಾಗದಿಂದ ಮುಂದೆ. ತೂತಿನ ಅಂಚಿನಲ್ಲಿ ನಿಜಕ್ಕೂ ಎಷ್ಟು ಪಟ್ಟು, ಯಾವ ಸ್ಕ್ರೂ ಎಷ್ಟು ಹೊರುತ್ತದೆ, ಸ್ಕ್ರೂ ಸುತ್ತಲಿನ ಟೊಳ್ಳು ಮೂಳೆ ತಡೆಯುತ್ತದೆಯೇ ಎಂಬುದನ್ನು ಕಾಗದ ಹೇಳುವುದಿಲ್ಲ. ತೂತಿನ ಸುತ್ತ ಮೆಶ್ ಸಣ್ಣದು ಮಾಡುತ್ತಾ ಹೋಗಿ, ಉತ್ತರ ಬದಲಾಗುವುದು ನಿಂತ ಮೇಲೆ ಮಾತ್ರ ಆ ಸಂಖ್ಯೆ ಬರೆದುಕೊಳ್ಳುತ್ತೇನೆ. ಚೂಪು ಮೂಲೆ ಉಳಿದಿದ್ದರೆ ಅದು ನಿಲ್ಲುವುದೇ ಇಲ್ಲ. ಮೆಶ್ ಸಣ್ಣದಾದಷ್ಟೂ ಸ್ಟ್ರೆಸ್ ಏರುತ್ತಲೇ ಇರುತ್ತದೆ. ಅಲ್ಲಿ ನಿಜವಾದ ಪ್ಲೇಟಿನಲ್ಲಿರುವ ಸಣ್ಣ ಗುಂಡು ಅಂಚನ್ನು ಮಾದರಿಯಲ್ಲೂ ಕೊಡಬೇಕು.

ಮಾದರಿಯನ್ನು ನಂಬುವುದು ಹೇಗೆ? ನಾನು ಎರಡು ದಾರಿ ಹಿಡಿದೆ. ಒಂದು, ಕೃತಕ ಮೂಳೆಗೆ ಪ್ಲೇಟ್ ಹಾಕಿ ಕಾಲೇಜಿನ ಯಂತ್ರದಲ್ಲಿ ಒತ್ತಿ ನೋಡುವುದು. ಇಲ್ಲಿ ಮೂಳೆಯನ್ನು ಹಿಡಿದಿಟ್ಟ ಫಿಕ್ಸ್ಚರ್ ಎಷ್ಟು ಬಾಗುತ್ತದೆ ಎಂದು ಬೇರೆಯಾಗಿ ಅಳೆದು ಕಳೆಯಬೇಕು. ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ಎರಡನೆಯದು ನನಗೆ ಹೆಚ್ಚು ಇಷ್ಟ. 1984ರಲ್ಲಿ ಪಾಮರ್ ಮತ್ತು ವರ್ನರ್ ಪ್ರಕಟಿಸಿದ ಪ್ರಯೋಗದಲ್ಲಿ ಮಣಿಕಟ್ಟಿನ ಭಾರದಲ್ಲಿ ನೂರಕ್ಕೆ ಸುಮಾರು 80 ಪಾಲು ರೇಡಿಯಸ್ಸಿಗೆ, 20 ಪಾಲು ಪಕ್ಕದ ಅಲ್ನಾ ಮೂಳೆಗೆ ಹೋಗುತ್ತದೆ ಎಂದು ಕಂಡಿತು. ಅಲ್ನಾವನ್ನು ಬರೀ 2.5 ಮಿಲಿಮೀಟರ್ ಉದ್ದ ಮಾಡಿದರೆ ಅದರ ಪಾಲು ಸುಮಾರು 42ಕ್ಕೆ ಏರುತ್ತದೆ. ಮುರಿದ ರೇಡಿಯಸ್ ಕುಸಿದು ಗಿಡ್ಡಗಾದಾಗ ಆಗುವುದೂ ಇದೇ. ಹಾಗಾಗಿ ಮಣಿಕಟ್ಟಿನ ಎಂಟು ಸಣ್ಣ ಮೂಳೆಗಳನ್ನೂ ಸೇರಿಸಿದ ಮಾದರಿಯಲ್ಲಿ ನಾನು ರೇಡಿಯಸ್ಸನ್ನು ಅಷ್ಟೇ ಕುಗ್ಗಿಸಿ ನೋಡುತ್ತೇನೆ. ಮೂಳೆಗಳನ್ನು ಒಂದಕ್ಕೊಂದು ಕಟ್ಟಿಡುವ ಲಿಗಮೆಂಟುಗಳು ಅದರಲ್ಲಿ ಎಳೆತಕ್ಕೆ ಮಾತ್ರ ಪ್ರತಿಕ್ರಿಯಿಸುವ ಸ್ಪ್ರಿಂಗುಗಳು. ಅಲ್ನಾದ ಪಾಲು ದುಪ್ಪಟ್ಟಿನ ಹತ್ತಿರ ಬರದಿದ್ದರೆ ಸ್ಪ್ರಿಂಗು ಅಥವಾ ಕೀಲಿನ ಸಂಪರ್ಕದಲ್ಲಿ ಏನೋ ಸರಿಯಿಲ್ಲ. ಎರಡೂವರೆ ಮಿಲಿಮೀಟರ್ ಇಷ್ಟು ಮಾಡುತ್ತದೆ ಎಂದು ಕಂಡ ಮೇಲೆ, ಎಕ್ಸ್‌ರೇ ಹಿಡಿದು ಮೂಳೆಯ ಉದ್ದದ ಬಗ್ಗೆ ಡಾಕ್ಟರುಗಳು ಯಾಕೆ ಅಷ್ಟು ಚರ್ಚೆ ಮಾಡುತ್ತಾರೆ ಎಂಬುದೂ ಗೊತ್ತಾಗುತ್ತದೆ.

ಕೊಡಪಾನದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆ ಬೆಣೆಯ ಜಾಗದಲ್ಲಿ. ಗಾಯ ಮಾಗುವಾಗ ಅಲ್ಲಿ ಹೊಸ ಅಂಗಾಂಶ ತುಂಬುತ್ತದೆ. ಮಾದರಿಯಲ್ಲಿ ಆ ಜಾಗಕ್ಕೆ ಮೊದಲು ಏನೂ ಕೊಡದೆ, ಆಮೇಲೆ ಹಂತಹಂತವಾಗಿ ಗಡಸುತನ ಏರಿಸುತ್ತಾ ಹೋದೆ. ಪೂರ್ತಿ ಮೂಳೆ ಆಗುವವರೆಗೆ ಕಾಯಬೇಕಿಲ್ಲ. ಕೆಲವು ನೂರು ಮೆಗಾಪಾಸ್ಕಲ್ ಮಾಡ್ಯುಲಸ್ ಬಂದರೆ ಸಾಕು, ಪ್ಲೇಟಿನ ಬಾಗುವಿಕೆ ತುಂಬಾ ಇಳಿಯುತ್ತದೆ. ಕಾರಣ ಸರಳ. ಮೂಳೆಯ ಅಡ್ಡಕೊಯ್ತ ದೊಡ್ಡದು, ಪ್ಲೇಟು ತೆಳು. ದಪ್ಪದ ಘನಕ್ಕೆ ತಕ್ಕಂತೆ ಬಿಗಿ ಹೆಚ್ಚುವುದರಿಂದ ಮೆತ್ತನೆಯ ವಸ್ತುವೂ ಅಲ್ಲಿ ಬಹಳ ಕೆಲಸ ಮಾಡುತ್ತದೆ.

ಹಾಗಾದರೆ ದಪ್ಪ ಪ್ಲೇಟನ್ನೇ ಹಾಕಬಹುದಲ್ಲ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. 2ರ ಬದಲು 2.5 ಮಿಲಿಮೀಟರ್ ಮಾಡಿದರೆ ಬಿಗಿ ದುಪ್ಪಟ್ಟಿನ ಹತ್ತಿರ ಹೋಗುತ್ತದೆ, ನಿಜ. ಆದರೆ ಪ್ಲೇಟಿನ ಮೇಲೆಯೇ ಬೆರಳು ಮಡಚುವ ಸ್ನಾಯುರಜ್ಜುಗಳು ಓಡುತ್ತವೆ. ಉಬ್ಬಿದ ಅಂಚಿಗೆ ಉಜ್ಜಿ ಅವು ಹರಿದದ್ದೂ ಉಂಟು. ಈ ಮಾತು ಆಪರೇಷನ್ ಥಿಯೇಟರಿನಲ್ಲಿ ನಿಲ್ಲುವವರು ಹೇಳಬೇಕು, ಇಂಜಿನಿಯರ್ ಕೇಳಬೇಕು.

ಡಾಕ್ಟರಿಗೆ ನಾನು ಒಂದೇ ಸಂಖ್ಯೆ ಕೊಡಲಿಲ್ಲ. ಮೂಳೆ ಗಟ್ಟಿ ಇದ್ದರೆ ಇಷ್ಟು, ಟೊಳ್ಳಿದ್ದರೆ ಇಷ್ಟು, ಹಿಡಿತ ಜಾಸ್ತಿಯಾದರೆ ಇಷ್ಟು ಎಂದು ಒಂದು ಪಟ್ಟಿ ಮಾಡಿ ಕೊಟ್ಟೆ. ಯಾವ ವಾರದಿಂದ ಕೊಡಪಾನ ಎತ್ತಬಹುದು ಎಂದು ಮಾದರಿ ಹೇಳುವುದಿಲ್ಲ. ಅದನ್ನು ಅವರು ಎಕ್ಸ್‌ರೇಯಲ್ಲಿ ಹೊಸ ಮೂಳೆ ಕಂಡ ಮೇಲೆ ನಿರ್ಧರಿಸುತ್ತಾರೆ. ಅಲ್ಲಿಯವರೆಗೆ ಬೆರಳು ಆಡಿಸಿ, ಹಗ್ಗ ಮುಟ್ಟಬೇಡಿ ಎನ್ನುವಾಗ ಅವರ ಕೈಯಲ್ಲಿ ಈಗ ಆ ಪಟ್ಟಿ ಉಂಟು. ಬಟ್ಟೆ ಹಿಂಡುವ ಲೆಕ್ಕ ಇನ್ನೂ ನಡೆಯುತ್ತಿದೆ. ಅದರಲ್ಲಿ ತಿರುಚುವ ಬಲ ಇರುವುದರಿಂದ ಅಲ್ನಾ ಮತ್ತು ರೇಡಿಯಸ್ ನಡುವಿನ ಕೀಲನ್ನೂ ಮಾದರಿಗೆ ಸೇರಿಸುತ್ತಿದ್ದೇನೆ.