ಹೊಟ್ಟೆ ಮುರಿತದ ಗುಳಿಗೆಯೂ ರಾಯಚೂರಿನ ಬಿಸಿಲೂ

ಹೊಟ್ಟೆ ಮುರಿತವೆಂದು ಹೋದವರಿಗೆ ವೈದ್ಯರು ಬರೆದುಕೊಡುವ ಗುಳಿಗೆಗಳಲ್ಲಿ ಡೈಸೈಕ್ಲೊಮಿನ್ ಒಂದು. ಕರುಳಿನ ಸ್ನಾಯುಗಳಿಗೆ ತಲುಪುವ ನರಗಳ ಸಂದೇಶವನ್ನು ತಡೆದು, ಬಿಗಿದ ಸ್ನಾಯುಗಳನ್ನು ಸಡಿಲಿಸುವುದು ಇದರ ಕೆಲಸ; ಐಬಿಎಸ್ ಎಂಬ ಕರುಳಿನ ತೊಂದರೆಗೆ ಇದನ್ನು ಹೆಚ್ಚಾಗಿ ಕೊಡುತ್ತಾರೆ. ಆದರೆ ಅದೇ ತಡೆ ಬೆವರಿನ ಗ್ರಂಥಿಗಳಿಗೂ ತಾಗುವುದರಿಂದ ಬೆವರು ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ.

ಗುಳಿಗೆ ಕೊಳ್ಳುವಾಗಲೇ ಗುಳಿಗೆಗಳಿರುವ ಪಟ್ಟಿಯ (ಸ್ಟ್ರಿಪ್) ಹಿಂಬದಿಯನ್ನು ಓದಬೇಕು. ಅಲ್ಲಿರುವ ಕೆಂಪು ಗೆರೆ, ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದ ಔಷಧಿ ಎಂಬುದರ ಗುರುತು. ಡೈಸೈಕ್ಲೊಮಿನ್ ಜೊತೆಗೆ ಮೆಫೆನಮಿಕ್ ಆಸಿಡ್ ಸೇರಿಸಿದ ಗುಳಿಗೆಗಳೂ ಅಂಗಡಿಗಳಲ್ಲಿವೆ. ಮುಟ್ಟಿನ ನೋವಿಗೆಂದು ತಂದಿಟ್ಟ ಅಂತಹ ಗುಳಿಗೆಯನ್ನು ಮನೆಯ ಇನ್ನೊಬ್ಬರು ಹೊಟ್ಟೆನೋವಿಗೆ ನುಂಗುವುದುಂಟು. ಮೆಫೆನಮಿಕ್ ಆಸಿಡ್ ಹೊಟ್ಟೆಯ ಒಳಪದರವನ್ನು ಕೆಡಿಸಬಲ್ಲ ನೋವುನಿವಾರಕವಾದ್ದರಿಂದ, ಹುಣ್ಣಿರುವವರಿಗೆ ಅದು ರೋಗಕ್ಕಿಂತ ಕೇಡು.

ಕಣ್ಣಿನೊಳಗಿನ ಒತ್ತಡ ಹೆಚ್ಚುವ ಗ್ಲಾಕೋಮಾ, ಪ್ರಾಸ್ಟೇಟ್ ಊದಿ ಮೂತ್ರ ಕಟ್ಟುವ ತೊಂದರೆ, ಕರುಳಿನ ಅಡಚಣೆ, ಎದೆಗೆ ಹುಳಿ ನುಗ್ಗುವ ಕಾಯಿಲೆ ಇವುಗಳಲ್ಲಿ ಯಾವುದಿದ್ದರೂ, ಹಾಲುಣಿಸುವ ತಾಯಿಯಾಗಿದ್ದರೂ, ವೈದ್ಯರು ಕೇಳದಿದ್ದರೂ ಅವರಿಗೆ ಹೇಳಬೇಕು. ಆರು ತಿಂಗಳೊಳಗಿನ ಕೂಸಿಗಂತೂ ಇದನ್ನು ಕೊಡಲೇಬಾರದು. ನೆಗಡಿಗೆ ನುಂಗುವ ಕೆಲವು ಗುಳಿಗೆಗಳು ಇದರೊಡನೆ ಸೇರಿದರೆ ಬಾಯಿ ಒಣಗುವುದೂ ಮಂಪರೂ ಹೆಚ್ಚುತ್ತವೆ.

ಗುಳಿಗೆಯನ್ನು ಚೀಟಿಯಲ್ಲಿರುವಷ್ಟೇ, ನೀರಿನೊಂದಿಗೆ ನುಂಗಬೇಕು. ಹುಳಿತೇಗಿಗೆ ಕುಡಿಯುವ ಆಂಟಾಸಿಡ್ ಔಷಧಿಯನ್ನು ಅದೇ ಹೊತ್ತಿಗೆ ತೆಗೆದುಕೊಂಡರೆ ಗುಳಿಗೆ ಸರಿಯಾಗಿ ಮೈಗೂಡುವುದಿಲ್ಲ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬಾರದು. ಕಣ್ಣು ಮಂಜಾಗುವುದು, ತಲೆ ಸುತ್ತುವುದು ಸಾಮಾನ್ಯವಾದ್ದರಿಂದ ಗುಳಿಗೆ ತಮ್ಮ ಮೈಗೆ ಹೇಗೆ ಹೊಂದುತ್ತದೆ ಎಂದು ತಿಳಿಯುವವರೆಗೆ ಟ್ರ್ಯಾಕ್ಟರ್ ಆಗಲಿ ಬೈಕ್ ಆಗಲಿ ಓಡಿಸದಿರುವುದು ಲೇಸು.

ಇನ್ನು ಬಿಸಿಲಿನ ವಿಚಾರ. ಸಿಂಧನೂರು, ಮಾನ್ವಿಯ ಗದ್ದೆಗಳಲ್ಲಿ ದುಡಿಯುವವರು, ಇಟ್ಟಿಗೆ ಭಟ್ಟಿಯವರು, ತಗಡಿನ ಮನೆಯಲ್ಲಿ ಮಲಗುವ ವೃದ್ಧರು ಈ ಗುಳಿಗೆ ತೆಗೆದುಕೊಳ್ಳುವ ದಿನಗಳಲ್ಲಿ ನಡುಹಗಲು ನೆರಳಿನಲ್ಲಿರಬೇಕು. ತಾವು ಬಿಸಿಲಿನಲ್ಲಿ ದುಡಿಯುವವರೆಂದು ವೈದ್ಯರಿಗೆ ಮೊದಲೇ ಹೇಳಿದರೆ ಅವರು ಬೇರೆ ಔಷಧಿಯನ್ನೂ ಯೋಚಿಸಬಹುದು. ಚರ್ಮ ಒಣಗಿ ಬಿಸಿಯಾಗಿ, ಮಾತು ತೊದಲಿ, ದಿಕ್ಕು ತೋಚದಂತಾದರೆ ಅದು ಬಿಸಿಲಿನ ಹೊಡೆತ. 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ನೆರಳಿಗೆ ಒಯ್ದು, ಮೈಗೆ ನೀರು ಸುರಿದು ಗಾಳಿ ಬೀಸಬೇಕು.

ಭೇದಿಯಾದಾಗ ಮುರಿತ ನಿಲ್ಲಲೆಂದು ಇದನ್ನು ತಾವಾಗಿಯೇ ನುಂಗುವುದು ತಪ್ಪು ಲೆಕ್ಕ. ಭೇದಿಯಲ್ಲಿ ಮೊದಲು ಬೇಕಾದುದು ಓಆರ್‌ಎಸ್. ಪೊಟ್ಟಣದ ಮೇಲೆ ಬರೆದಷ್ಟೇ ಅಳತೆಯ ಶುದ್ಧ ನೀರಿಗೆ ಪೂರ್ತಿ ಪುಡಿಯನ್ನು ಕಲಸಬೇಕು. ಮಲದಲ್ಲಿ ರಕ್ತ, ಜ್ವರ, ನಿಲ್ಲದ ವಾಂತಿ ಅಥವಾ ಹೊಟ್ಟೆ ಕಲ್ಲಿನಂತೆ ಬಿಗಿದಿದ್ದರೆ ಗುಳಿಗೆಯ ಮಾತು ಬಿಟ್ಟು ಆಸ್ಪತ್ರೆಗೆ ಹೋಗಬೇಕು.

ಉಳಿದ ಗುಳಿಗೆಗಳನ್ನು ಬೈಕಿನ ಡಿಕ್ಕಿಯಲ್ಲಾಗಲಿ, ಬಿಸಿಲು ಬೀಳುವ ಕಿಟಕಿಯಲ್ಲಾಗಲಿ ಇಡದೆ, ಮನೆಯ ತಂಪಾದ ಮೂಲೆಯಲ್ಲಿ, ಮಕ್ಕಳ ಕೈಗೆ ಸಿಗದಂತೆ, ಹೆಸರೂ ಅವಧಿಯ ದಿನಾಂಕವೂ ಕಾಣುವ ಅದೇ ಪಟ್ಟಿಯಲ್ಲಿಯೇ ಇಡಬೇಕು.