‘ಅರೂಸ್ಪಿಚೆ’ ಪದಕ್ಕೆ ನಾನು ಅರ್ಥ ಬರೆದ ಬಗೆ

ಇಟಾಲಿಯನ್ ಬರಹಗಳನ್ನು ಕನ್ನಡಕ್ಕೆ ತರುವಾಗ ನನಗಾಗಿ ಒಂದು ಪದಕೋಶವನ್ನು ಬೆಳೆಸಿಕೊಂಡು ಬಂದಿದ್ದೇನೆ. ಅದರಲ್ಲಿ ನನ್ನನ್ನು ಬಹಳ ಕಾಲ ಹಿಡಿದಿಟ್ಟ ಪದ ‘ಅರೂಸ್ಪಿಚೆ’. ಬಲಿಪಶುವಿನ ಒಳಾಂಗಗಳನ್ನು, ಅದರಲ್ಲೂ ಪಿತ್ತಜನಕಾಂಗವನ್ನು ಪರೀಕ್ಷಿಸಿ ದೇವತೆಗಳ ಇಚ್ಛೆಯನ್ನು ತಿಳಿಸುತ್ತಿದ್ದವನು ಅವನು. ‘ಶಕುನ ನೋಡುವವ’ ಎಂದು ಬರೆಯಲು ಮನಸ್ಸೊಪ್ಪಲಿಲ್ಲ. ಸಂಸ್ಕೃತದಲ್ಲಿ ಶಕುನವೆಂದರೆ ಹಕ್ಕಿಯೂ ಹೌದು, ರೋಮಿನಲ್ಲಿ ಹಕ್ಕಿಗಳ ಹಾರಾಟವನ್ನು ಗಮನಿಸುತ್ತಿದ್ದ ‘ಔಗುರೆ’ ಬೇರೆಯೇ ಪುರೋಹಿತ.

ಆದ್ದರಿಂದ ಪದದ ಲ್ಯಾಟಿನ್ ಮೂಲವಾದ ‘ಹರುಸ್ಪೆಕ್ಸ್’ ಅನ್ನು ಬಿಡಿಸಿ ನೋಡಿದೆ. ಉತ್ತರಾರ್ಧದಲ್ಲಿ ಸಂದೇಹವಿಲ್ಲ: ‘ಸ್ಪೆಕೆರೆ’ ಎಂದರೆ ನೋಡುವುದು. ಅದು ಸಂಸ್ಕೃತದ ‘ಸ್ಪಶ್’ ಧಾತುವಿನ ಬಂಧು. ನಾವು ದಿನವೂ ಆಡುವ ‘ಸ್ಪಷ್ಟ’ ಹುಟ್ಟಿದ್ದು ಆ ಧಾತುವಿನಿಂದಲೇ. ಪೂರ್ವಾರ್ಧದ ‘ಹರು’ವನ್ನು ಬ್ಯಾಬಿಲೋನಿಯಾದ ಪದವೊಂದಕ್ಕೆ ಜೋಡಿಸಿದವರಿದ್ದಾರೆ. ಅಲ್ಲಿಯೂ ಪಿತ್ತಜನಕಾಂಗವನ್ನು ನೋಡಿ ಭವಿಷ್ಯ ಹೇಳುತ್ತಿದ್ದುದರಿಂದ ಆ ಊಹೆ ಆಕರ್ಷಕವೇ. ಆದರೂ ಕರುಳನ್ನು ಸೂಚಿಸುವ ‘ಹಿರಾ’ ಎಂಬ ಪದ ಲ್ಯಾಟಿನ್ನಿನಲ್ಲೇ ಇರುವಾಗ ಅಷ್ಟು ದೂರ ಹೋಗುವ ಅಗತ್ಯ ನನಗೆ ಕಾಣಲಿಲ್ಲ. ಅಥರ್ವವೇದದ ಮೊದಲ ಕಾಂಡದಲ್ಲಿ, ರಕ್ತಸ್ರಾವವನ್ನು ನಿಲ್ಲಿಸುವ ಸೂಕ್ತವೊಂದು ‘ಹಿರಾ ಲೋಹಿತವಾಸಸಃ’ ಎನ್ನುತ್ತದೆ: ಕೆಂಪು ಬಟ್ಟೆಯುಟ್ಟ ನಾಳಗಳು. ಲ್ಯಾಟಿನ್ನಿನ ಕರುಳೂ ವೇದದ ರಕ್ತನಾಳವೂ ಒಂದೇ ಮೂಲದವೆಂಬುದು ಭಾಷಾಶಾಸ್ತ್ರಜ್ಞರ ಸಾಮಾನ್ಯ ಅಭಿಪ್ರಾಯ.

ಹೆಸರು ಲ್ಯಾಟಿನ್ನಾದರೂ ವಿದ್ಯೆಯನ್ನು ರೋಮನ್ನರು ಕಲಿತದ್ದು ಇಟಲಿಯ ಪ್ರಾಚೀನ ಜನಾಂಗವಾದ ಎಟ್ರುಸ್ಕನ್ನರಿಂದ. ಪೆಸಾರೊ ನಗರದ ದ್ವಿಭಾಷಾ ಶಾಸನದಲ್ಲಿ ‘ಹರುಸ್ಪೆಕ್ಸ್’ ಎಂಬುದಕ್ಕೆ ಸಮನಾಗಿ ‘ನೆತ್ಶ್ವಿಸ್’ ಎಂಬ ಎಟ್ರುಸ್ಕನ್ ಪದವಿದೆ. 1877ರಲ್ಲಿ ಪಿಯಾಚೆಂಜಾ ಬಳಿಯ ಹೊಲವೊಂದರಲ್ಲಿ ಉಳುವಾಗ ಸಿಕ್ಕಿದ ಕಂಚಿನ ಪಿತ್ತಜನಕಾಂಗವಂತೂ ನನ್ನ ಕೆಲಸಕ್ಕೆ ಬಹಳ ನೆರವಾಯಿತು. ಅಂಗೈಯಗಲದ ಈ ಮಾದರಿಯ ಅಂಚನ್ನು 16 ಭಾಗಗಳಾಗಿ ವಿಂಗಡಿಸಿ, ಮೇಲ್ಮೈಯಲ್ಲೆಲ್ಲ ದೇವತೆಗಳ ಹೆಸರುಗಳನ್ನು ಕೊರೆಯಲಾಗಿದೆ. ಆಕಾಶವನ್ನೂ ಎಟ್ರುಸ್ಕನ್ನರು 16 ಭಾಗಗಳಾಗಿಯೇ ವಿಂಗಡಿಸಿದ್ದರು. ಹಾಗಾಗಿ ಇದನ್ನು ಬರಿಯ ಊಹೆಯೆನ್ನದೆ, ಕ್ರಮಬದ್ಧವಾಗಿ ಕಲಿಯಬೇಕಾದ ವಿದ್ಯೆಯೆಂದು ನಮೂದಿಸಿದೆ.

ಕನ್ನಡದ ‘ಕಣಿ’ಗೆ ‘ಕಾಣ್’ ಧಾತುವೇ ಆಧಾರವಾದ್ದರಿಂದ ‘ನೋಡುವವ’ ಎಂಬ ಭಾವ ಅದರಲ್ಲಿ ಉಳಿಯುತ್ತದೆ. ಕೊನೆಗೆ ನಾನು ಬರೆದ ನಮೂದು ಹೀಗಿದೆ: ‘ಅರೂಸ್ಪಿಚೆ: ಬಲಿಪಶುವಿನ ಒಳಾಂಗಗಳನ್ನು ನೋಡಿ ಕಣಿ ಹೇಳುವ ಎಟ್ರುಸ್ಕನ್ ಅಥವಾ ರೋಮನ್ ಪಂಡಿತ. ಹಕ್ಕಿಶಕುನಕ್ಕೆ ಔಗುರೆ ನೋಡಿ.’